ಎದ್ದು ಮತ್ತೆ ಬೀಳುವ ಗಣಕ

ತಿರುಮಕೂಡಲು ನರಸೀಪುರದ ನಮ್ಮ ದೊಡ್ಡಪ್ಪನವರ ಮನೆಯಲ್ಲಿ 2009ರ ಬೇಸಿಗೆಯಲ್ಲಿ ಒಂದು ಗಣಕಯಂತ್ರ ಹಟ ಹಿಡಿದು ಕುಳಿತಿತ್ತು. ಗುಂಡಿ ಒತ್ತಿದರೆ ಏಳುತ್ತಿತ್ತು. ಒಂದು ಸಲ ‘ಬೀಪ್’ ಎನ್ನುತ್ತಿತ್ತು. ಕರಿಯ ತೆರೆಯ ಮೇಲೆ ಬಿಳಿಯ ಅಕ್ಷರಗಳು ಓಡುತ್ತಿದ್ದವು. ವಿಂಡೋಸ್‌ನ ನಾಲ್ಕು ಬಣ್ಣದ ಬಾವುಟ ಕಾಣಿಸಿಕೊಂಡು, ಅದರ ಕೆಳಗಿನ ನೀಲಿ ಪಟ್ಟಿ ಎರಡು ಮೂರು ಸುತ್ತು ಹರಿಯುವಷ್ಟರಲ್ಲಿ ತೆರೆ ಕಪ್ಪಾಗಿ, ಮತ್ತೆ ಮೊದಲಿನಿಂದ ‘ಬೀಪ್’. ಬಿಟ್ಟರೆ ಹೀಗೇ ಇಡೀ ಸಂಜೆ ನಡೆಯುತ್ತಿತ್ತು.

‘ಜ್ವರ ಬಂದ ಮಗು ಆಡಿದ ಹಾಗೆ ಆಡ್ತದೆ ಕಣಪ್ಪ. ಎದ್ದು ಕೂತ್ಕೊಳ್ತದೆ, ಮತ್ತೆ ಬಿದ್ದುಕೊಳ್ತದೆ’ ಎಂದು ದೊಡ್ಡಪ್ಪ ನಂಜನಗೂಡಿನಲ್ಲಿದ್ದ ನನಗೆ ಫೋನು ಮಾಡಿದರು.

ಅವರ ಗಾಬರಿಗೆ ಕಾರಣವಿತ್ತು. ದೊಡ್ಡಪ್ಪ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ನಿವೃತ್ತರಾದ ಮೇಲೆ ಸೈಕಲ್ಲು ಹತ್ತಿ ಕಪಿಲೆಯ ಎರಡೂ ದಡದ ಹಳ್ಳಿಗಳನ್ನು ಸುತ್ತಿ, ಹೊಲಗದ್ದೆಗಳ ಹೆಸರುಗಳನ್ನು ಬರೆದುಕೊಂಡಿದ್ದರು. ಹುಣಸೆಮರದ ಹೊಲ, ಮಾರಿಗುಡಿ ಗದ್ದೆ, ಕೋಡಿತುಂಡು, ಹೀಗೆ. ಪಹಣಿಯಲ್ಲಿ ಇವು ಯಾವುವೂ ಇರುವುದಿಲ್ಲ; ಅಲ್ಲಿರುವುದು ಸರ್ವೆ ನಂಬರು. ‘ಭೂಮಿ’ ಯೋಜನೆಯಡಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೆಲ್ಲ ಪಹಣಿ ಗಣಕದೊಳಕ್ಕೆ ಹೋಗಿ, ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾಗಿ ಕೈಗೆ ಬರತೊಡಗಿದ್ದು ಈ ಶತಮಾನದ ಆರಂಭದಲ್ಲಿ. ಅದನ್ನು ನೋಡಿಯೇ ದೊಡ್ಡಪ್ಪನಿಗೂ ಹುರುಪು ಹತ್ತಿತ್ತು. ‘ನಂಬರು ಅವರು ಹಾಕ್ಕೊಳ್ಳಲಿ, ಹೆಸರು ನಾನು ಹಾಕ್ತೀನಿ’ ಎಂದು ಅರವತ್ತು ದಾಟಿದ ವಯಸ್ಸಿನಲ್ಲಿ ‘ನುಡಿ’ ತಂತ್ರಾಂಶದ ಕೀಲಿಮಣೆ ಕಲಿತು, ಒಂದೊಂದೇ ಬೆರಳಿನಲ್ಲಿ ಕುಟ್ಟಿ ಮುನ್ನೂರು ಪುಟ ಮಾಡಿದ್ದರು. ಟೈಪಾದ ನೋಟುಪುಸ್ತಕಗಳನ್ನು ಹಳೇ ಪೇಪರಿನವನಿಗೆ ಹಾಕಿದ್ದರು. ಆ ಮುನ್ನೂರು ಪುಟ ಲೋಕದಲ್ಲಿ ಇದ್ದದ್ದು ಆ ಒಂದು ಯಂತ್ರದೊಳಗೆ ಮಾತ್ರ.

ರಿಪೇರಿಗೆ ಬಂದ ಹುಡುಗ ಒಳ್ಳೆಯವನೇ. ಎರಡು ಸಲ ಗುಂಡಿ ಒತ್ತಿ ನೋಡಿ, ‘ವಿಂಡೋಸ್ ಕರಪ್ಟ್ ಆಗಿದೆ ಮೇಷ್ಟ್ರೇ, ಫಾರ್ಮ್ಯಾಟ್ ಹೊಡೆದುಬಿಡೋಣ’ ಎಂದ. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಗಣಕಕ್ಕೆ ಯಾವ ಕಾಯಿಲೆ ಬಂದರೂ ಇದೊಂದೇ ಕಷಾಯ. ಫಾರ್ಮ್ಯಾಟ್ ಎಂದರೆ ತಟ್ಟೆಯನ್ನು ಒರೆಸಿ ಹೊಸದಾಗಿ ವಿಂಡೋಸ್ ಬರೆಯುವುದು. ಯಂತ್ರ ಎದ್ದರೂ ಏಳಬಹುದು. ಒಳಗಿದ್ದದ್ದು ಮಾತ್ರ ಹೋಗುತ್ತದೆ. ಅದೃಷ್ಟಕ್ಕೆ ಆ ಹುಡುಗನ ಬಳಿ ಆ ದಿನ ಸಿ.ಡಿ. ಇರಲಿಲ್ಲ. ನಾಳೆ ಬರುತ್ತೇನೆಂದು ಹೋದ. ಆ ರಾತ್ರಿಯೇ ದೊಡ್ಡಪ್ಪ ಫೋನು ಮಾಡಿದ್ದು.

ನಾನು ತಜ್ಞನಲ್ಲ. ಆದರೆ ಗಣಕ ನಿದ್ದೆಯಿಂದ ಏಳುವ ಬಗೆಯ ಕಥೆಯನ್ನು ಓದಿಕೊಂಡಿದ್ದೆ. ಅದು ಬಹಳ ಸ್ವಾರಸ್ಯದ ಕಥೆ, ಮತ್ತು ಎಲ್ಲಿ ಎಡವಿ ಬೀಳುತ್ತಿದೆ ಎಂದು ತಿಳಿಯಬೇಕಾದರೆ ಆ ಕಥೆಯನ್ನೇ ಅನುಸರಿಸಬೇಕು.

ಗಣಕ ತಾನಾಗಿ ಏನನ್ನೂ ಮಾಡಲಾರದು. ಏನು ಮಾಡಬೇಕೆಂದು ಹೇಳುವ ಆದೇಶಗಳ ಪಟ್ಟಿ ಅದರ ಸ್ಮೃತಿಯಲ್ಲಿರಬೇಕು. ಆದರೆ ವಿದ್ಯುತ್ತು ಹೋದೊಡನೆ ಸ್ಮೃತಿ ಬರಿದಾಗುತ್ತದೆ. ಮತ್ತೆ ವಿದ್ಯುತ್ತು ಬಂದಾಗ ತಟ್ಟೆಯಿಂದ ಆದೇಶಗಳನ್ನು ಓದಿಕೊಳ್ಳಬೇಕು. ಓದಿಕೊಳ್ಳುವುದು ಹೇಗೆ ಎಂಬುದೂ ಒಂದು ಆದೇಶವೇ ತಾನೆ? ಅದನ್ನು ಯಾರು ಓದಿಸಬೇಕು? ಈ ಒಗಟಿಗೆ 1950ರ ದಶಕದ ಅಮೆರಿಕದ ಎಂಜಿನಿಯರುಗಳು ಒಂದು ತಮಾಷೆಯ ಹೆಸರಿಟ್ಟರು: ‘ಬೂಟ್‌ಸ್ಟ್ರಾಪ್’. ಬೂಟಿನ ಹಿಂದಿರುವ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ನೆಲದಿಂದ ಮೇಲೆತ್ತಿಕೊಳ್ಳುವುದು ಎಂಬ ಅವರ ಕಡೆಯ ಮಾತಿನಿಂದ ಬಂದದ್ದು. ಜರ್ಮನಿಯ ಬಡಾಯಿಕೋರ ಬ್ಯಾರನ್ ಮುಂಚೌಸನ್ ಕೆಸರಿನಲ್ಲಿ ಹೂತುಹೋದಾಗ ತನ್ನ ಜುಟ್ಟನ್ನು ತಾನೇ ಹಿಡಿದು ಕುದುರೆಯ ಸಮೇತ ಮೇಲಕ್ಕೆ ಬಂದನಂತೆ. ಅದೇ ಜಾತಿಯ ಕಲ್ಪನೆ. ಇಂದು ನಾವು ‘ಬೂಟ್ ಆಗ್ತಿಲ್ಲ’ ಎನ್ನುವ ಮಾತಿನ ಮೂಲ ಇಲ್ಲಿದೆ.

ಹಳೆಯ ಯಂತ್ರಗಳಲ್ಲಿ ಈ ಮೊದಲ ಆದೇಶಗಳನ್ನು ಮನುಷ್ಯನೇ ಕೈಯಿಂದ ತುಂಬಬೇಕಾಗಿತ್ತು. 1975ರ ಜನವರಿಯ ಅಮೆರಿಕದ ಒಂದು ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಆಲ್ಟೇರ್ 8800, ಮನೆಯಲ್ಲಿಟ್ಟುಕೊಳ್ಳುವ ಗಣಕಗಳ ಮೂಲಪುರುಷರಲ್ಲಿ ಒಂದು. ಅದಕ್ಕೆ ತೆರೆಯೂ ಇಲ್ಲ, ಕೀಲಿಮಣೆಯೂ ಇಲ್ಲ; ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳು, ಸಾಲಾಗಿ ದೀಪಗಳು. ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ ಒಂದೊಂದೇ ಆದೇಶವನ್ನು ತುಂಬಬೇಕು. ಒಂದು ಸ್ವಿಚ್ಚು ತಪ್ಪಿದರೂ ಕೆಲಸ ಕೆಟ್ಟಿತು.

ಈ ಯಂತ್ರಕ್ಕೆ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಇಬ್ಬರು ಹುಡುಗರು ಬೇಸಿಕ್ ಎಂಬ ಭಾಷೆಯನ್ನು ಸಿದ್ಧಪಡಿಸಿದರು. ಆಲ್ಟೇರ್ ಯಂತ್ರವನ್ನು ಇಬ್ಬರೂ ಕಣ್ಣಿನಿಂದ ನೋಡಿರಲಿಲ್ಲ. ಅದನ್ನು ತೋರಿಸಲು ಆಲೆನ್ ವಿಮಾನ ಹತ್ತಿ ಆಲ್ಬುಕರ್ಕಿ ನಗರಕ್ಕೆ ಹೊರಟರು. ವಿಮಾನ ಇಳಿಯುವುದಕ್ಕೆ ಸ್ವಲ್ಪ ಮೊದಲು ಅವರಿಗೆ ಎದೆ ಧಸಕ್ಕೆಂದಿತು. ಭಾಷೆಯೇನೋ ಕಾಗದದ ಸುರುಳಿಯಲ್ಲಿ ತೂತುಗಳಾಗಿ ಕೈಯಲ್ಲಿದೆ. ಆದರೆ ಆ ಸುರುಳಿಯನ್ನು ಓದಿಕೋ ಎಂದು ಯಂತ್ರಕ್ಕೆ ಹೇಳುವ ಮೊದಲ ನಾಲ್ಕು ಮಾತನ್ನು ಬರೆದೇ ಇಲ್ಲ! ಕುಳಿತಲ್ಲೇ ಒಂದು ಕಾಗದದ ಮೇಲೆ ಯಂತ್ರಭಾಷೆಯಲ್ಲಿ ಅದನ್ನು ಬರೆದುಕೊಂಡು ಇಳಿದರು. ಆಮೇಲೆ ಸ್ವಿಚ್ಚುಗಳಿಂದ ಅದನ್ನು ತುಂಬಿ, ಸುರುಳಿಯನ್ನು ಓದಿಸಿ, ಎರಡು ಮತ್ತು ಎರಡನ್ನು ಕೂಡು ಎಂದಾಗ ಯಂತ್ರ ನಾಲ್ಕು ಎಂದು ಅಚ್ಚು ಮಾಡಿತು. ಮೈಕ್ರೋಸಾಫ್ಟ್ ಹುಟ್ಟಿದ್ದು ಆ ವರ್ಷ.

ಪ್ರತಿದಿನ ಬೆಳಿಗ್ಗೆ ಹೀಗೆ ಸ್ವಿಚ್ಚು ಆಡಿಸಲು ಯಾರಿಗೆ ಪುರುಸೊತ್ತು? ಅಳಿಸಿಹೋಗದ ಒಂದು ಸಣ್ಣ ಚಿಪ್ಪಿನಲ್ಲಿ ಆ ಮೊದಲ ಮಾತುಗಳನ್ನು ಕಾಯಂ ಆಗಿ ಬರೆದಿಡುವುದು ರೂಢಿಗೆ ಬಂತು. 1981ರ ಆಗಸ್ಟ್ 12ರಂದು ಐಬಿಎಂ ಬಿಡುಗಡೆ ಮಾಡಿದ ಪರ್ಸನಲ್ ಕಂಪ್ಯೂಟರಿನಲ್ಲಿ ಈ ಚಿಪ್ಪಿನೊಳಗಿನ ಬರಹಕ್ಕೆ ‘ಬಯೋಸ್’ ಎಂದು ಹೆಸರು. ದೊಡ್ಡಪ್ಪನ ಯಂತ್ರ ಅದರ ಮರಿಮೊಮ್ಮಗ; ಏಳುವ ಶಾಸ್ತ್ರ ಮಾತ್ರ ಹೆಚ್ಚುಕಡಿಮೆ ಅಜ್ಜನದೇ.

ಆ ಶಾಸ್ತ್ರ ಹೀಗೆ. ಸ್ಮೃತಿಯನ್ನು ಹತ್ತು ಲಕ್ಷದ ಚಿಲ್ಲರೆ ಮನೆಗಳಿರುವ ಒಂದು ಬೀದಿ ಎಂದುಕೊಳ್ಳಿ. ಐಬಿಎಂ ಯಂತ್ರದ ಸಂಸ್ಕಾರಕ, ಅಂದರೆ ಪ್ರೊಸೆಸರ್, ಕಣ್ಣು ಬಿಟ್ಟೊಡನೆ ಬೇರೆಲ್ಲೂ ನೋಡದೆ ಬೀದಿಯ ಕೊನೆಯಿಂದ ಹದಿನಾರನೆಯ ಮನೆಯ ಬಾಗಿಲು ತಟ್ಟುತ್ತದೆ. ಅಲ್ಲಿ ಬಯೋಸ್ ಕಾದಿರುತ್ತದೆ. ಬಯೋಸ್ ಮೊದಲು ಮನೆಯವರ ತಲೆ ಎಣಿಸುತ್ತದೆ: ಸ್ಮೃತಿ ಸರಿಯಿದೆಯೆ, ತೆರೆಗೆ ಚಿತ್ರ ಕಳಿಸುವ ಹಲಗೆ ಇದೆಯೆ, ಕೀಲಿಮಣೆ ಇದೆಯೆ? ಎಲ್ಲ ಇದ್ದರೆ ಒಂದು ಸಣ್ಣ ‘ಬೀಪ್’. ಯಾರಾದರೂ ತಪ್ಪಿಸಿಕೊಂಡಿದ್ದರೆ ಬೇರೆ ಬಗೆಯ ಕೂಗು. ತೆರೆಯೇ ಬಾರದಿದ್ದಾಗ ದೂರು ಹೇಳಲು ಬಾಯಿ ಬೇಕಲ್ಲ, ಅದಕ್ಕೆ ಈ ಕೂಗಿನ ಭಾಷೆ. ಒಂದು ಉದ್ದ, ಎರಡು ಗಿಡ್ಡ ಎಂದರೆ ಬಹಳ ಯಂತ್ರಗಳಲ್ಲಿ ಚಿತ್ರದ ಹಲಗೆಯ ದೋಷ. ಬಯೋಸ್ ತಯಾರಕರು ಬೇರೆಯಾದಂತೆ ಸಂಕೇತವೂ ಬೇರೆ. ನಿಲ್ಲದೆ ಕೂಗಿದರೆ ಸಾಮಾನ್ಯವಾಗಿ ಸ್ಮೃತಿಯ ಪಟ್ಟಿ ಸಡಿಲವಾಗಿದೆಯೆಂದೋ ಕೆಟ್ಟಿದೆಯೆಂದೋ ಅರ್ಥ. ರಿಪೇರಿ ಅಂಗಡಿಯ ಹುಡುಗರು ಆ ಪಟ್ಟಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುವುದನ್ನು ನೀವು ನೋಡಿರಬಹುದು. ಅದು ಮಾಟವಲ್ಲ, ಧೂಳು, ಥಂಡಿಗೆ ಹಿಡಿದ ಕಿಲುಬು ಹೋಗಿ ಸಂಪರ್ಕ ಸರಿಯಾಗುತ್ತದೆ.

ಎಣಿಕೆ ಮುಗಿದ ಮೇಲೆ ಬಯೋಸ್ ತಟ್ಟೆಯ ಮೊಟ್ಟಮೊದಲ ತುಂಡನ್ನು ಓದುತ್ತದೆ. ಅದರ ಗಾತ್ರ 512 ಬೈಟುಗಳು. ಇಂಗ್ಲಿಷ್ ಅಕ್ಷರಗಳಲ್ಲಾದರೆ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು. ಬಯೋಸ್ ಅದಕ್ಕೆ ಕಾರುಬಾರು ಒಪ್ಪಿಸುತ್ತದೆ. ಅದು ಇನ್ನೂ ಸ್ವಲ್ಪ ದೊಡ್ಡ ತುಂಡನ್ನು ಓದಿಸಿ ಅದಕ್ಕೆ ಒಪ್ಪಿಸುತ್ತದೆ, ಅದು ವಿಂಡೋಸ್‌ಗೆ. ಹೀಗೆ ಸಣ್ಣದು ದೊಡ್ಡದನ್ನು ಎಬ್ಬಿಸುತ್ತ ಹೋಗುವ ಸರಪಳಿ. ಮುಂದಿನವನು ಯಾರೆಂದು ಹಿಂದಿನವನು ವಿಚಾರಿಸುವುದಿಲ್ಲ. ಜಾಗದಲ್ಲಿ ಕುಳಿತಿದ್ದರೆ ಸಾಕು, ಬೀಗದ ಕೈ ಕೊಟ್ಟುಬಿಡುತ್ತಾನೆ.

ಈ ನಂಬಿಕೆಯನ್ನೇ ಕಳ್ಳರು ಹಿಡಿದುಕೊಂಡರು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಯ ಆ ಮೊದಲ ತುಂಡಿನಲ್ಲೇ ಹೋಗಿ ಕುಳಿತಿತ್ತು. ತಮಾಷೆಯೆಂದರೆ ಅದರೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಅವರು ಬರೆದಿದ್ದರು. ನಮ್ಮ ದೇಶದ್ದೂ ಒಂದಿತ್ತು. 1990ರಲ್ಲಿ ಭಾರತದಲ್ಲಿ ಪತ್ತೆಯಾದ ‘ಜೋಶಿ’ ವೈರಸ್ ವರ್ಷವಿಡೀ ಸುಮ್ಮನಿದ್ದು ಜನವರಿ 5ರಂದು ಮಾತ್ರ ಯಂತ್ರವನ್ನು ತಡೆದು, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪು ಮಾಡು ಎನ್ನುತ್ತಿತ್ತು. ಮಾಡಿದರೆ ಬಿಡುತ್ತಿತ್ತು. ಎಲ್ಲ ವೈರಸ್ಸುಗಳೂ ಇಷ್ಟು ಸಾಧುವಲ್ಲ. 1992ರ ಮಾರ್ಚ್ 6ರಂದು ಕೆರಳುತ್ತದೆಂದು ಜಗತ್ತೇ ಹೆದರಿದ್ದ ‘ಮೈಕೆಲೆಂಜಲೊ’ ತಟ್ಟೆಯನ್ನು ಅಳಿಸುವ ಜಾತಿಯದು. 1999ರ ಏಪ್ರಿಲ್ 26ರಂದು ಎದ್ದ ‘ಸಿಐಎಚ್’ ಅಂತೂ ಬಯೋಸ್ ಚಿಪ್ಪಿನ ಬರಹವನ್ನೇ ಕೆಡಿಸುತ್ತಿತ್ತು; ಅಂಥ ಯಂತ್ರ ‘ಬೀಪ್’ ಎನ್ನಲೂ ಬಾಯಿಲ್ಲದೆ ಕಲ್ಲಿನಂತೆ ಕೂರುತ್ತಿತ್ತು. 2012ರ ಹೊತ್ತಿಗೆ ಬಂದ ವಿಂಡೋಸ್ 8ರೊಂದಿಗೆ, ಮುಂದಿನವನ ಮೊಹರು ನೋಡಿಯೇ ಕೀಲಿ ಕೊಡುವ ‘ಸೆಕ್ಯೂರ್ ಬೂಟ್’ ಪದ್ಧತಿ ಸಾಮಾನ್ಯ ಜನರ ಗಣಕಗಳಿಗೂ ಬಂತು.

ಇಷ್ಟು ತಿಳಿದರೆ ದೊಡ್ಡಪ್ಪನ ಯಂತ್ರದ ರೋಗ ಅರ್ಧ ಬಗೆಹರಿದಂತೆ. ‘ಬೀಪ್’ ಒಂದೇ ಸಲ, ಚಿಕ್ಕದು. ಆದ್ದರಿಂದ ತಲೆ ಎಣಿಕೆ ಸರಿಯಾಗಿದೆ. ಬಾವುಟ ಕಾಣುತ್ತದೆ, ಅಂದರೆ ತಟ್ಟೆ ತಿರುಗುತ್ತಿದೆ, ಮೊದಲ ತುಂಡುಗಳು ನೆಟ್ಟಗಿವೆ. ಬೀಳುತ್ತಿರುವುದು ವಿಂಡೋಸ್ ಮೈಮುರಿದು ಏಳುವ ಹೊತ್ತಿನಲ್ಲಿ. ಹಾಗಾದರೆ ವಿಂಡೋಸ್ ತಾನಾಗಿ ಬೀಳುತ್ತಿದೆಯೋ, ಯಾರಾದರೂ ಕಾಲು ಎಳೆಯುತ್ತಿದ್ದಾರೋ?

ಮೊದಲ ಕೆಲಸ ಬೇರೆ ಇತ್ತು. ತಟ್ಟೆಯನ್ನು ಬಿಚ್ಚಿ ಸ್ಟೀಲ್ ತಿಂಡಿ ಡಬ್ಬಿಯಲ್ಲಿ ಟವೆಲ್ಲು ಸುತ್ತಿಟ್ಟು ಬಸ್ಸಿನಲ್ಲಿ ನಂಜನಗೂಡಿಗೆ ತಂದು, ನನ್ನ ಯಂತ್ರಕ್ಕೆ ಎರಡನೆಯ ತಟ್ಟೆಯಾಗಿ ಜೋಡಿಸಿದೆ. ತಟ್ಟೆ ಸುಖವಾಗಿತ್ತು. ಮುನ್ನೂರು ಪುಟದ ಕಡತವನ್ನು ಎರಡು ಸಿ.ಡಿ.ಗಳಿಗೆ ಬರೆದುಕೊಂಡೆ. ಫಾರ್ಮ್ಯಾಟಿನ ಮಾತು ಆಡುವ ಮೊದಲು ಯಾವ ರಿಪೇರಿಯವನೂ ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲಸ ಇದು. ಎಷ್ಟು ಮನೆಗಳ ಮದುವೆ ಫೋಟೋ, ಲೆಕ್ಕಪತ್ರ ಆ ಹತ್ತು ನಿಮಿಷವಿಲ್ಲದೆ ಹೋಗಿವೆಯೋ.

ಮಾರನೆಯ ಸಂಜೆ ತಟ್ಟೆಯನ್ನು ಮತ್ತೆ ನರಸೀಪುರದ ಯಂತ್ರಕ್ಕೆ ಸೇರಿಸಿ ಪರೀಕ್ಷೆಗೆ ಕುಳಿತೆವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ವಿಶೇಷವಿತ್ತು. ಅದು ಬಿದ್ದರೆ ನೀಲಿ ತೆರೆಯ ಮೇಲೆ ಕಾರಣದ ಸಂಕೇತವನ್ನು ಬರೆದು, ಓದುವುದಕ್ಕೆ ಮೊದಲೇ ತಾನಾಗಿ ಮತ್ತೆ ಶುರುವಾಗುತ್ತಿತ್ತು. ಮನೆಯಲ್ಲಿ ನೋಡುವವರಿಗೆ ಕಾಣುವುದು ಏಳು, ಬೀಳು, ಏಳು, ಬೀಳು. ಏಳುವಾಗ ಎಫ್8 ಕೀಲಿಯನ್ನು ಒತ್ತುತ್ತಿದ್ದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ತಾನಾಗಿ ಮರುಚಾಲನೆ ಬೇಡ’ ಎಂಬ ಆಯ್ಕೆ ಇತ್ತು. ಅದನ್ನು ಆರಿಸಿದರೆ ನೀಲಿ ತೆರೆ ಅಲ್ಲೇ ನಿಲ್ಲುತ್ತದೆ, ಸಂಕೇತ ಓದಬಹುದು. ಅದೇ ಪಟ್ಟಿಯಲ್ಲಿದ್ದ ‘ಸೇಫ್ ಮೋಡ್’ ಇನ್ನೊಂದು ಪರೀಕ್ಷೆ: ಅಗತ್ಯವಾದ ನಾಲ್ಕು ಸಾಮಾನಿನೊಂದಿಗೆ ಮಾತ್ರ ಎಬ್ಬಿಸುವುದು. ಅದರಲ್ಲಿ ಎದ್ದರೆ, ಆಮೇಲೆ ಸೇರಿಸಿದ ಯಾವುದೋ ತಂತ್ರಾಂಶದ ಮೇಲೆ ಅನುಮಾನ ಪಡಬೇಕು.

ಮರುಚಾಲನೆ ಬೇಡವೆಂದು ಆರಿಸಿ ಕಾದೆವು. ನೀಲಿ ತೆರೆ ಬರಲೇ ಇಲ್ಲ. ಯಂತ್ರ ಮಾತ್ರ ಮೊದಲಿನಂತೆಯೇ ಕಪ್ಪಾಗಿ ಮತ್ತೆ ‘ಬೀಪ್’ ಎಂದಿತು. ಬೇಡವೆಂದರೂ ಮರುಚಾಲನೆಯಾಗುತ್ತಿದೆ ಎಂದರೆ ಆ ತೀರ್ಮಾನ ವಿಂಡೋಸ್‌ನದಲ್ಲ. ಸೇಫ್ ಮೋಡಿನಲ್ಲೂ ಹಾಗೇ ಆಯಿತು. ಯಾರೋ ಕೆಳಗಿನಿಂದ ಕಾಲು ಎಳೆಯುತ್ತಿದ್ದರು.

ಆಗ ದೊಡ್ಡಮ್ಮ ಒಳಗಿನಿಂದ ಹೇಳಿದರು: ‘ಬೆಳಿಗ್ಗೆ ಹೊತ್ತು ಸರಿಯಾಗಿರ್ತದಲ್ಲ, ತ್ರೀ ಫೇಸ್ ಕೊಟ್ಟಾಗಲೇ ಇದರ ರಂಪ.’

ಅಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ. ತಲೆಯೆತ್ತಿ ನೋಡಿದರೆ ನಡುಮನೆಯ ಬಲ್ಬು ಸೀಮೆಎಣ್ಣೆ ದೀಪದಂತೆ ಕೆಂಪಗೆ ಉರಿಯುತ್ತಿತ್ತು. ಆ ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬರುತ್ತಿದ್ದದ್ದು ಸಂಜೆಯ ಹೊತ್ತು. ಬಂದೊಡನೆ ಸುತ್ತಲ ಗದ್ದೆ ಬಾಳೆತೋಟಗಳ ಮೋಟರುಗಳೆಲ್ಲ ಒಟ್ಟಿಗೆ ಹೊರಡುತ್ತಿದ್ದವು. ಮನೆಗಳ ವೋಲ್ಟೇಜು ಕುಸಿಯುತ್ತಿತ್ತು. ದೊಡ್ಡಪ್ಪನ ಯುಪಿಎಸ್ಸಿನ ಬ್ಯಾಟರಿ ಸತ್ತು ಬಹಳ ದಿನವಾಗಿ, ಅದು ಮೇಜಿನ ಕೆಳಗೆ ಬರೀ ಪ್ಲಗ್ಗು ಚುಚ್ಚುವ ಪೆಟ್ಟಿಗೆಯಾಗಿ ಉಳಿದಿತ್ತು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಂಜನಗೂಡಿನ ಮುಂದೆ ಹರಿದು ಬರುವ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ನೀರು ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ 1902ರ ಜೂನ್ 30ರಂದು ವಿದ್ಯುತ್ತು ಉತ್ಪಾದನೆ ಶುರುವಾದಾಗ ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರು ತಂತಿಯ ಮೇಲೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಸಂಗಮದ ನೀರು ಬೆಳಕಾಗಿ ಸಂಗಮದ ಸುತ್ತಲ ಹಳ್ಳಿಗಳಿಗೆ ಮರಳಿ ಬರುವುದಕ್ಕೆ ದಶಕಗಳೇ ಹಿಡಿದವು. ಮತ್ತೊಂದು: ಗಣಕದೊಳಗಿನ ಹಸಿರು ಹಲಗೆ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡು, ನಮ್ಮ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೇ ತಯಾರಾಗುತ್ತದೆಂದು ಎಷ್ಟೋ ಜನಕ್ಕೆ ತಿಳಿಯದು. ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಲ್ಲಿ ಅಲ್ಲಿದ್ದ ಕಾರ್ಖಾನೆಯನ್ನು ವಹಿಸಿಕೊಂಡಿತು.

ವೋಲ್ಟೇಜಿಗೂ ಮರುಚಾಲನೆಗೂ ಏನು ಸಂಬಂಧ? ಗಣಕದ ಹಿಂಬದಿಯಲ್ಲಿ ‘ಎಸ್‌ಎಂಪಿಎಸ್’ ಎಂಬ ತಗಡಿನ ಪೆಟ್ಟಿಗೆ ಇರುತ್ತದೆ. ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿಕೊಡುವುದು ಅದರ ಕೆಲಸ. 1981ರ ಐಬಿಎಂ ಯಂತ್ರದಿಂದಲೂ ಈ ಪೆಟ್ಟಿಗೆಯಿಂದ ಮುಖ್ಯ ಹಲಗೆಗೆ ಒಂದು ವಿಶೇಷ ತಂತಿ ಬರುತ್ತದೆ. ‘ವಿದ್ಯುತ್ತು ನೆಟ್ಟಗಿದೆ’ ಎಂಬ ಸಂದೇಶ ಅದರಲ್ಲಿ. ಆ ಸಂದೇಶ ಬರುವವರೆಗೆ ಸಂಸ್ಕಾರಕ ಏಳಕೂಡದು. ನಡುವೆ ನಿಂತರೆ ಕೂಡಲೇ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರುಮಾಡಬೇಕು. ವಿದ್ಯುತ್ತು ಅರೆಬರೆಯಾದಾಗ ಲೆಕ್ಕ ತಪ್ಪಾಗಿ ತಟ್ಟೆಯಲ್ಲಿ ಅಡ್ಡಾದಿಡ್ಡಿ ಬರೆದುಬಿಡದಿರಲಿ ಎಂಬ ಮುಂಜಾಗ್ರತೆ ಅದು.

ವಿಂಡೋಸ್ ಏಳುವ ಹೊತ್ತಿನಲ್ಲಿ ತಟ್ಟೆಯೂ ಸಂಸ್ಕಾರಕವೂ ಮೈತುಂಬ ದುಡಿಯುತ್ತವೆ. ಎಳೆಯುವ ವಿದ್ಯುತ್ತು ಹೆಚ್ಚುತ್ತದೆ. ದೊಡ್ಡಪ್ಪನ ಯಂತ್ರದ ಪೆಟ್ಟಿಗೆ ಹಳೆಯದು, ಅಗ್ಗದ್ದು; ಬೆಳಿಗ್ಗೆ ಹೇಗೋ ತೂಗಿಸುತ್ತಿತ್ತು. ಸಂಜೆ ಗೋಡೆಯಲ್ಲೇ ಕಡಿಮೆಯಾದಾಗ ಆ ಭಾರ ಹೊರಲಾರದೆ ಸಂದೇಶವನ್ನು ಹಿಂತೆಗೆದುಕೊಳ್ಳುತ್ತಿತ್ತು. ಯಂತ್ರ ಬೀಳುತ್ತಿತ್ತು. ಬಿದ್ದೊಡನೆ ಭಾರ ಇಳಿದು ಪೆಟ್ಟಿಗೆ ಚೇತರಿಸಿಕೊಂಡು ‘ನೆಟ್ಟಗಿದೆ’ ಎನ್ನುತ್ತಿತ್ತು. ಯಂತ್ರ ಏಳುತ್ತಿತ್ತು. ಮತ್ತೆ ಅದೇ ಮೆಟ್ಟಿಲಲ್ಲಿ ಅದೇ ಮುಗ್ಗರಿಕೆ.

ಹೊಸ ಎಸ್‌ಎಂಪಿಎಸ್ ಮತ್ತು ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಸಂಜೆಯಲ್ಲೂ ಯಂತ್ರ ಒಂದೇ ಸಲಕ್ಕೆ ಎದ್ದಿತು. ಹಳೆಯ ಪೆಟ್ಟಿಗೆಯನ್ನು ಬಿಚ್ಚಲು ಹೋಗಲಿಲ್ಲ. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಹೊಡೆತ ಉಳಿದಿರುತ್ತದೆ, ಮನೆಯಲ್ಲಿ ಯಾರೂ ಅದಕ್ಕೆ ಕೈ ಹಾಕಬಾರದು. ಮುಖ್ಯ ಹಲಗೆಯನ್ನು ಮಾತ್ರ ಟಾರ್ಚು ಹಿಡಿದು ನೋಡಿದೆವು. 1999ರಿಂದ ಏಳೆಂಟು ವರ್ಷ ಮಾರುಕಟ್ಟೆಗೆ ಬಂದ ಎಷ್ಟೋ ಹಲಗೆಗಳಲ್ಲಿ ಕಳಪೆ ರಸಾಯನದ ಕೆಪಾಸಿಟರುಗಳು ತಲೆ ಉಬ್ಬಿ ಸೋರಿ, ಇದೇ ಬಗೆಯ ಏಳುಬೀಳಿಗೆ ಕಾರಣವಾಗಿದ್ದವು. ಇದರಲ್ಲಿ ಎಲ್ಲದರ ತಲೆಯೂ ಚಪ್ಪಟೆಯಾಗಿತ್ತು. ಎಚ್ಚರಿಕೆಗೆ ಗುಂಡು ಬ್ಯಾಟರಿಯೊಂದನ್ನೂ ಬದಲಾಯಿಸಿದೆವು. ಅದು ಸತ್ತರೆ ಯಂತ್ರಕ್ಕೆ ದಿನಾಂಕ ಮರೆತು, ಹಲವು ಸಲ 1980ರ ಜನವರಿ 1ಕ್ಕೆ ಹೋಗಿ ಕೂರುತ್ತದೆ.

ಏಳುಬೀಳಿನ ಈ ಕಾಯಿಲೆ ಮನೆಗಳದ್ದು ಮಾತ್ರವಲ್ಲವೆಂದು ಆಮೇಲೆ ಜಗತ್ತಿಗೇ ತಿಳಿಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ಸಣ್ಣ ಕಡತದ ದೋಷದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಗೆ ಬಿದ್ದವು. ಎಷ್ಟೋ ಯಂತ್ರಗಳು ಎದ್ದು ಮತ್ತೆ ಬೀಳತೊಡಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಆ ದಿನ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಲ್ಲಿ ಪೆಟ್ಟಿಗೆಯೂ ಸರಿ, ತಟ್ಟೆಯೂ ಸರಿ. ವಿಂಡೋಸ್ ಏಳುವಾಗ ಜೊತೆಗೆ ಎದ್ದ ಕಾವಲುಗಾರನೇ ಕಾಲು ಎಡವಿಸಿದ್ದ. ಪರಿಹಾರವೂ ಹಳೆಯದೇ. ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ಅಳಿಸುವುದು, ಒಂದೊಂದು ಯಂತ್ರದ ಮುಂದೆಯೂ ಮನುಷ್ಯನೇ ಕುಳಿತು. ಯಾರೂ ಫಾರ್ಮ್ಯಾಟ್ ಹೊಡೆಯಬೇಕಾಗಿರಲಿಲ್ಲ.

ದೊಡ್ಡಪ್ಪನ ಕಡತಕ್ಕೆ ಇನ್ನೊಂದು ಕಂಟಕ ಉಳಿದಿತ್ತು. ನನ್ನ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡು ನನ್ನ ಎದೆಯೂ ಧಸಕ್ಕೆಂದಿತ್ತು. ಹಳೆಯ ನುಡಿ ಅಕ್ಷರಗಳು ಇಂಗ್ಲಿಷಿನ ಸಂಕೇತಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡು ಕೆಲಸ ಮಾಡುತ್ತಿದ್ದವು; ಆ ಅಕ್ಷರಶೈಲಿ ಯಂತ್ರದಲ್ಲಿಲ್ಲದಿದ್ದರೆ ಓದಲಾಗದು. ನುಡಿ ಹಾಕಿಕೊಂಡೊಡನೆ ಹುಣಸೆಮರದ ಹೊಲ ಕಾಣಿಸಿತು. ಮುಂದೆ ಒಂದು ವರ್ಷ ಕಳೆದು ಎಲ್ಲವನ್ನೂ ಯುನಿಕೋಡಿಗೆ ಬದಲಾಯಿಸಿದಾಗ ಅಲ್ಲಲ್ಲಿ ಒತ್ತಕ್ಷರಗಳು ತಪ್ಪಿದವು. ಅಚ್ಚು ಹಾಕಿದ ಪ್ರತಿಯನ್ನು ದೊಡ್ಡಪ್ಪನಿಗೆ ಒಯ್ದು ಕೊಟ್ಟೆ. ಅವರು ಕೆಂಪು ಶಾಯಿಯ ಪೆನ್ನು ತೆಗೆದು, ನಾಲ್ಕನೆಯ ತರಗತಿಯ ಉಕ್ತಲೇಖನ ತಿದ್ದುವವರಂತೆ ಮೊದಲ ಪುಟದಿಂದ ಶುರುಮಾಡಿದರು.